ಹಾಲೆಮನೆ ಅಲ್ಲ, ಆಲೆಮನೆ: ಶಾಲೆಯಲ್ಲೇ ಪುಸ್ತಿಕೆ ಮಾಡುವ ಬಗೆ

ನಾಲ್ಕು ಎ4 ಹಾಳೆ ತಗೊಳ್ಳಿ. ಒಂದರ ಮೇಲೊಂದಿಟ್ಟು ನಡುವಿಗೆ ಮಡಚಿ. ಕೈಯಲ್ಲಿ 16 ಪುಟದ ಖಾಲಿ ಪುಸ್ತಿಕೆ ಬಂತು. ಪ್ರೆಸ್ಸಿನವರು ಇದಕ್ಕೆ ಡಮ್ಮಿ ಅಂತಾರೆ. ಮಕ್ಕಳಿಂದ ಪತ್ರಿಕೆಯೋ ಪುಸ್ತಿಕೆಯೋ ಮಾಡಿಸಬೇಕು ಅಂದುಕೊಂಡಿರುವ ಮೇಷ್ಟ್ರುಗಳಿಗೆ, ಮೇಡಂಗಳಿಗೆ ನಾನು ಹೇಳುವ ಮೊದಲ ಮಾತು: ಲೇಖನ ತರಿಸಿಕೊಳ್ಳುವ ಮುಂಚೆ ಡಮ್ಮಿ ಮಡಚಿಸಿ.

ಸಾಮಾನ್ಯವಾಗಿ ನಡೆಯುವುದು ಇದರ ಉಲ್ಟಾ. ಡಿಸೆಂಬರಿನಲ್ಲಿ ಸೂಚನಾ ಫಲಕದ ಮೇಲೆ ‘ಶಾಲಾ ಸಂಚಿಕೆಗೆ ಲೇಖನಗಳ ಆಹ್ವಾನ’ ಅಂತ ಚೀಟಿ ಬೀಳುತ್ತೆ. ಹತ್ತು ಮಕ್ಕಳು ‘ಪರಿಸರ ಮಾಲಿನ್ಯ’, ‘ಗ್ರಂಥಾಲಯದ ಮಹತ್ವ’ ಅಂತ ಗೈಡಿನಿಂದ ಇಳಿಸಿ ಕೊಡ್ತಾರೆ. ಡಿಟಿಪಿ ಅಂಗಡಿಯವರು ಸುತ್ತ ಹೂಬಳ್ಳಿ ಎಳೆದು, ಮೂಲೆಗೊಂದು ನವಿಲು ಕೂರಿಸಿ ಕೈ ತೊಳೆದುಕೊಳ್ತಾರೆ. ಸಂಚಿಕೆ ಬಂದ ದಿನ ಮಕ್ಕಳು ತಮ್ಮ ಹೆಸರಿರುವ ಪುಟ ನೋಡಿ ಮುಚ್ಚಿಡ್ತಾರೆ. ಮಂಡ್ಯ–ಮೇಲುಕೋಟೆ ರಸ್ತೆಯ ಬದಿಯ ನಮ್ಮ ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರಾಗಿ ನಾನೂ ಅಂಥವು ಮೂರು ತಂದೆ. ನಾಲ್ಕನೆಯದಕ್ಕೆ ನಮ್ಮ ಚಿತ್ರಕಲಾ ಮೇಷ್ಟ್ರು ಜೊತೆಯಾದರು. ಬರೆಯುವುದರ ಜೊತೆಗೆ ಪುಟ ಕಟ್ಟುವ ಕೆಲಸವನ್ನೂ ಮಕ್ಕಳಿಗೇ ಬಿಟ್ಟೆವು. ಪುಟದಲ್ಲಿ ಯಾವ ಸಾಲು ದಪ್ಪಗಿರಬೇಕು, ಯಾವುದು ಹೋಗಬೇಕು ಅಂತ ತೀರ್ಮಾನ ಮಾಡಲು ಕೂತ ಹುಡುಗ, ಪರೀಕ್ಷೆಗೆ ಓದುವುದಕ್ಕಿಂತ ಹೆಚ್ಚು ಎಚ್ಚರದಿಂದ ಓದುತ್ತಾನೆ ಅಂತ ಆಗ ಕಂಡುಕೊಂಡೆ. ಕೆಳಗೆ ಬರೆದಿರುವುದೆಲ್ಲ ಆಮೇಲಿನ ವರ್ಷಗಳಲ್ಲಿ ಕೈ ಸುಟ್ಟುಕೊಂಡು ಕಲಿತದ್ದು.

ಮೊದಲು ಪುಟದ ಲೆಕ್ಕ

ಮಡಚಿದ ಹಾಳೆಯಲ್ಲಿ ನಾಲ್ಕು ಪುಟ. ಹಾಗಾಗಿ ಪುಸ್ತಿಕೆ 8, 12, 16 ಹೀಗೆ ನಾಲ್ಕರ ಮಗ್ಗಿಯಲ್ಲೇ ಬೆಳೆಯಬೇಕು. 14 ಪುಟ ಮಾಡ್ತೀನಿ ಅಂದರೆ ಎರಡು ಪುಟ ಖಾಲಿ ಉಳಿಯುತ್ತೆ. ಡಮ್ಮಿಯ ಮೇಲೆ ಪೆನ್ಸಿಲಿನಲ್ಲಿ ಪುಟಸಂಖ್ಯೆ ಬರೆಸಿ, ಆಮೇಲೆ ಹಾಳೆ ಬಿಚ್ಚಿಸಿ. 16ರ ಪಕ್ಕ 1, 2ರ ಪಕ್ಕ 15, 14ರ ಪಕ್ಕ 3. ಎಲ್ಲಿ ಕೂಡಿದರೂ 17. ಇದನ್ನು ನೀವೇ ಹೇಳಿಬಿಡಬೇಡಿ, ಮಕ್ಕಳೇ ಹಿಡಿಯಲಿ. ನಮ್ಮಲ್ಲಿ ಹಿಡಿದವನು ಗಣಿತದಲ್ಲಿ ಸದಾ ಹಿಂದಿನ ಬೆಂಚಿನ ಹುಡುಗ.

ಮುಂದೆ ಎದುರುಬದುರು ಕಾಣುವ ಜೋಡಿಪುಟಗಳನ್ನು ಹಂಚಿ. ಒಂದು ಜೋಡಿಪುಟಕ್ಕೆ ಮೂವರು: ಕೇಳಿ ಬರೆಯುವವರು, ಚಿತ್ರ ಮತ್ತು ಪುಟ ನೋಡಿಕೊಳ್ಳುವವರು, ಓದಿ ತಿದ್ದುವವರು. ಪ್ರತಿ ಸಂಚಿಕೆಗೂ ಈ ಕೆಲಸ ಅದಲುಬದಲಾಗಬೇಕು. ಅಕ್ಷರ ದುಂಡಗಿರುವ ಹುಡುಗಿಗೆ ಬರೀ ಶೀರ್ಷಿಕೆ ಬರೆಯುವ ಕೆಲಸ, ಕಾಗುಣಿತ ಸರಿಯಿಲ್ಲದವನಿಗೆ ಬರೀ ಬಣ್ಣ ತುಂಬುವ ಕೆಲಸ ಅಂತ ಮಾಡಿಬಿಟ್ಟರೆ ಅವರಿಬ್ಬರೂ ಇದ್ದಲ್ಲೇ ಇರ್ತಾರೆ.

ಅಕ್ಷರವನ್ನು ನೋಡುವುದು

ಬರೆಯುವ ಮುಂಚಿನ ಒಂದು ವಾರ ಇದಕ್ಕಿಡಿ. ಮನೆಯಿಂದ ಊದುಬತ್ತಿ ಪೊಟ್ಟಣ, ಬೆಂಕಿಪೊಟ್ಟಣ, ಬಸ್ ಟಿಕೆಟ್, ಗೊಬ್ಬರದ ಚೀಲದ ತುಂಡು, ಹಳೇ ಲಗ್ನಪತ್ರಿಕೆ ತರಲು ಹೇಳಿ. ಮೈಸೂರಿಗೆ ಶಾಲಾ ಪ್ರವಾಸ ಹೋಗುವುದಿದ್ದರೆ ಅರಮನೆ, ಮೃಗಾಲಯದ ಜೊತೆಗೆ ಸಯ್ಯಾಜಿರಾವ್ ರಸ್ತೆಯಲ್ಲಿ, ದೇವರಾಜ ಮಾರುಕಟ್ಟೆಯ ಸುತ್ತ ಅರ್ಧ ಗಂಟೆ ನಡೆಸಿ ಅಂಗಡಿ ಬೋರ್ಡುಗಳನ್ನು ಓದಿಸಿ. ಕೇಳಬೇಕಾದ ಪ್ರಶ್ನೆ ಮೂರೇ: ಕಣ್ಣು ಮೊದಲು ಎಲ್ಲಿಗೆ ಹೋಯಿತು? ಆಮೇಲೆ ಎಲ್ಲಿಗೆ? ಯಾವುದನ್ನು ಓದಲು ಕಷ್ಟವಾಯಿತು?

ಲಗ್ನಪತ್ರಿಕೆ ಈ ಪಾಠಕ್ಕೆ ಹೇಳಿ ಮಾಡಿಸಿದ್ದು. ದೇವರ ಹೆಸರು, ಗಂಡು-ಹೆಣ್ಣಿನ ಹೆಸರು, ಮುಹೂರ್ತ, ಛತ್ರ, ಊಟದ ಹೊತ್ತು, ಬಸ್ಸಿನ ದಾರಿ, ‘ಸುಖಾಗಮನ ಬಯಸುವ’ ನಲವತ್ತು ಹೆಸರು ಎಲ್ಲ ಒಂದೇ ಹಾಳೆಯಲ್ಲಿ. ‘ನಿಮ್ಮಜ್ಜಿ ಒಬ್ಬರೇ ಈ ಮದುವೆಗೆ ಹೋಗಬೇಕು, ಅವರಿಗೆ ಬೇಕಾದ್ದು ಮೊದಲು ಕಾಣೋ ಹಾಗೆ ಮತ್ತೆ ಬರೆಯಿರಿ’ ಅಂದೆ. ಹೆಚ್ಚಿನವರು ಛತ್ರ, ಊರು, ಹೊತ್ತು ಇವುಗಳನ್ನು ದಪ್ಪ ಮಾಡಿದರು. ಒಬ್ಬಳು ಮಾತ್ರ ಬಸ್ ಇಳಿಯುವ ಜಾಗವನ್ನು ಎಲ್ಲಕ್ಕಿಂತ ಮೇಲೆ ಬರೆದಿದ್ದಳು.

ಆಲೆಮನೆಗೆ ಹೋಗಿ ಬರುವುದು

ವಿಷಯ ಕಾಲ್ನಡಿಗೆಯ ದೂರದಲ್ಲಿರಲಿ. ನಮ್ಮ ಕಡೆ ಕಬ್ಬು, ಬೆಲ್ಲ ಮಾಡುವ ಆಲೆಮನೆ, ನಾಲೆ. ನಿಮ್ಮ ಊರಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯೋ ಕುಂಬಾರರ ಕೇರಿಯೋ ಇರಬಹುದು. ಗೂಗಲ್‌ನಲ್ಲಿ ಸಿಗುವ ವಿಷಯವನ್ನು ಕೊಟ್ಟರೆ ಮಕ್ಕಳು ಗೂಗಲ್‌ನಿಂದಲೇ ತರ್ತಾರೆ, ಅವರನ್ನು ಬೈದು ಫಲವಿಲ್ಲ.

ಹೋಗುವಾಗ ಗೆರೆ ಇಲ್ಲದ ನೋಟ್‌ಬುಕ್ ಒಯ್ಯಲಿ. ಮೊದಲು ಚಿತ್ರ, ಆಮೇಲೆ ಮಾತು. ಆಲೆಮನೆಯ ನಕ್ಷೆ ಬರೆದು ಪ್ರತಿಯೊಂದಕ್ಕೂ ಅಲ್ಲಿನವರು ಕರೆಯುವ ಹೆಸರನ್ನು ಬಾಣದ ಗುರುತಿನ ತುದಿಯಲ್ಲಿ ಬರೆಯಬೇಕು: ಗಾಣ, ಕೊಪ್ಪರಿಗೆ, ಒಲೆ, ಅಚ್ಚು, ಕಬ್ಬಿನ ಸಿಪ್ಪೆಯ ರಾಶಿ. ಹುಟ್ಟಿದಾಗಿನಿಂದ ಬಾಯಲ್ಲಿ ಆಡಿದ ಎಷ್ಟೋ ಪದಗಳನ್ನು ಈ ಮಕ್ಕಳು ಬರಹದಲ್ಲಿ ಕಂಡೇ ಇರುವುದಿಲ್ಲ. ‘ಕೊಪ್ಪರಿಗೆ’ಯನ್ನು ನಮ್ಮ ಒಂಬತ್ತು ಮಕ್ಕಳು ಆರು ಥರ ಬರೆದುಕೊಂಡು ಬಂದರು. ಕೆಳಗಿನ ತರಗತಿಗಳಲ್ಲಿ, ಆಡ್ತಾ ಕಲಿಯುವ ನಲಿ-ಕಲಿ ಪದ್ಧತಿಯ ಚಿತ್ರದ ಕಾರ್ಡುಗಳಲ್ಲಿ ಅಕ್ಷರ ಕಲಿತವರು ಇವರು. ಆ ಪದ್ಧತಿ ಶುರುವಾದದ್ದೇ 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಪ್ರೌಢಶಾಲೆಗೆ ಬರುವ ಹೊತ್ತಿಗೆ ಮಾತ್ರ ಚಿತ್ರವೆಲ್ಲ ಡ್ರಾಯಿಂಗ್ ಪೀರಿಯಡ್ಡಿಗೆ, ಅಕ್ಷರವೆಲ್ಲ ಭಾಷೆಯ ಪೀರಿಯಡ್ಡಿಗೆ ಅಂತ ಪಾಲಾಗಿಬಿಟ್ಟಿರುತ್ತೆ.

ಚೌಕಕ್ಕೆ ಹಿಡಿಸುವಷ್ಟು

ಎ4 ಮಡಚಿದರೆ ಎ5, ಅಂದರೆ 148 ಮಿ.ಮೀ. ಅಗಲ, 210 ಮಿ.ಮೀ. ಎತ್ತರ. ಸುತ್ತ 15 ಮಿ.ಮೀ. ಬಿಟ್ಟು, 12 ಪಾಯಿಂಟಿನ ಅಕ್ಷರವನ್ನು 18 ಪಾಯಿಂಟಿನ ಸಾಲಂತರದಲ್ಲಿ ಕೂರಿಸಿದರೆ ಪುಟಕ್ಕೆ 28 ಸಾಲು. ಸಾಲಿಗೆ ಆರೇಳು ಪದ. ಅರ್ಧ ಪುಟ ಚಿತ್ರಕ್ಕೆ ಹೋದರೆ ಬರಹಕ್ಕೆ ಉಳಿಯುವುದು ತೊಂಬತ್ತು ಪದ. ಇದನ್ನು ಬೋರ್ಡಿನ ಮೇಲೆ ಬರೆದ ದಿನ ತರಗತಿಯಲ್ಲಿ ಗಲಾಟೆ. ‘ಸಾ, ನಾನು ಮೂರು ಸೈಡ್ ಬರ್ದಿವ್ನಿ, ಇಷ್ಟೇ ಜಾಗಕ್ಕೆ ಹೆಂಗ್ ಸಾ ಹಿಡ್ಸದು?’

ಆ ಹುಡುಗನ ಬರಹ ಶುರುವಾಗಿದ್ದು ಹೀಗೆ: ‘ನಾವು ಶನಿವಾರದಂದು ಬೆಳಿಗ್ಗೆ 9 ಗಂಟೆಗೆ ನಮ್ಮ ನೆಚ್ಚಿನ ಗುರುಗಳ ಮಾರ್ಗದರ್ಶನದಲ್ಲಿ ಆಲೆಮನೆಗೆ ಭೇಟಿ ನೀಡಿದೆವು. ಅಲ್ಲಿನ ದೃಶ್ಯವು ನೋಡಲು ತುಂಬಾ ಸುಂದರವಾಗಿತ್ತು.’ ಇದರಲ್ಲಿ ಆಲೆಮನೆಯೇ ಇಲ್ಲ. ನಾನು ಕೆಂಪು ಪೆನ್ನು ಎತ್ತಲಿಲ್ಲ. ಬರೆದಿದ್ದನ್ನು ಸಾಲುಸಾಲಾಗಿ ಕತ್ತರಿಸಿ ಚೀಟಿ ಮಾಡಿಸಿದೆ. ಡಮ್ಮಿ ಪುಟದ ಮೇಲೆ ಚಿತ್ರದ ಚೌಕ ಎಳೆದು, ಉಳಿದ ಜಾಗದಲ್ಲಿ ಚೀಟಿ ಹರವಲು ಮೂವರಿಗೂ ಹೇಳಿದೆ. ಹಿಡಿಸದ ಚೀಟಿ ಬೆಂಚಿನ ಮೇಲೆ ಉಳಿಯುತ್ತೆ. ಮೊದಲು ಉಳಿದದ್ದು ‘ನೆಚ್ಚಿನ ಗುರುಗಳು’. ಆಮೇಲೆ ‘ತುಂಬಾ ಸುಂದರ’. ಮೂರನೇ ಪುಟದಿಂದ ಎದ್ದು ಬಂದು ಮೊದಲ ಸಾಲಾದದ್ದು: ‘ಕೊಪ್ಪರಿಗೆ ಹತ್ತಿರ ನಿಂತರೆ ಮೊದಲು ಬಿಸಿಯಾಗೋದು ಅಂಗಾಲು.’ ಗಾಣ ಹೇಗಿದೆ ಅಂತ ವಿವರಿಸುವ ಎಂಟು ಸಾಲನ್ನು ಚಿತ್ರದ ಹುಡುಗಿ ಬೇಡ ಅಂದಳು. ‘ಅದ ನಾ ಬರ್ದಿವ್ನಿ ಕಣೋ, ನೀ ಯಾಕ್ ಮತ್ತೆ ಯೋಳ್ತೀಯ?’

ಕತ್ತರಿ, ಚೀಟಿ, ಒಂದು ಪೀರಿಯಡ್. ಈ ಇಡೀ ಕಾರ್ಯಕ್ರಮದಲ್ಲಿ ನೀವು ಒಂದನ್ನೇ ಮಾಡಿಸಲು ಸಾಧ್ಯ ಅಂತಾದರೆ ಇದನ್ನು ಮಾಡಿಸಿ.

ಶೀರ್ಷಿಕೆ

ನಮ್ಮ ಸೀಮೆಯಲ್ಲಿ ಹಾಲಿಗೆ ‘ಆಲು’ ಅಂತೀವಿ. ಹಕಾರ ಬಿಟ್ಟರೆ ಮಕ್ಕಳಿಗೆ ಬೈಗುಳ. ಹೀಗೆ ಬೈಸಿಕೊಂಡ ಮಕ್ಕಳು ಹೆದರಿ ಸಿಕ್ಕಸಿಕ್ಕಲ್ಲಿ ಹಕಾರ ಸೇರಿಸ್ತಾರೆ. ನಮ್ಮ ಹುಡುಗಿ ಚಾರ್ಟಿನಲ್ಲಿ ಬೆರಳುದ್ದದ ಅಕ್ಷರದಲ್ಲಿ ‘ಹಾಲೆಮನೆಯಲ್ಲಿ ಒಂದು ದಿನ’ ಅಂತ ಬರೆದು, ನೆರಳು ಕೊಟ್ಟು, ಬಣ್ಣ ತುಂಬಿಬಿಟ್ಟಳು. ನೋಟ್‌ಬುಕ್ಕಿನಲ್ಲಿ ನಾಲ್ಕು ಸಲ ಹಾಗೇ ಬರೆದಿದ್ದಳು, ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಗೋಡೆಗೆ ಅಂಟಿಸಿದಾಗ ಏಳನೇ ತರಗತಿಯ ಹುಡುಗ ಬಾಗಿಲಲ್ಲೇ ನಿಂತು ನಕ್ಕ. ಅವಳು ಅಳಲಿಲ್ಲ, ಜಗಳಕ್ಕೆ ನಿಂತಳು: ಕಬ್ಬಿನ ಹಾಲು ಕಾಯಿಸೋ ಮನೆ, ಅದಕ್ಕೇ ಹಾಲೆಮನೆ! ವಾದ ಚೆನ್ನಾಗೇ ಇತ್ತು. ನಿಘಂಟು ತೆಗೆಸಿದೆ. ಕಬ್ಬು ಅರೆಯುವ ಗಾಣಕ್ಕೇ ‘ಆಲೆ’ ಅನ್ನುವ ಹೆಸರಿದೆ ಅಂತ ಆವತ್ತು ಇಡೀ ತರಗತಿಗೆ ಗೊತ್ತಾಯಿತು. ಹಕಾರದ ಪಟ್ಟಿಯೊಂದನ್ನು ಅವರೇ ಮಾಡಿ ಗೋಡೆಗೆ ಹಾಕಿದರು. ಅದಕ್ಕೇ ಶೀರ್ಷಿಕೆಗಳನ್ನು ಮೊದಲು ದೊಡ್ಡದಾಗಿ ಕೈಯಲ್ಲಿ ಬರೆಸಿ ಮೂರು ದಿನ ಗೋಡೆಯ ಮೇಲೆ ಬಿಡಿ; ಕಂಪ್ಯೂಟರಿಗೆ ಆಮೇಲೆ.

ಶೀರ್ಷಿಕೆ ಎರಡು ಸಾಲಿಗೆ ಹೋದರೆ ಎಲ್ಲಿ ಮುರಿಯಬೇಕು ಅನ್ನುವುದೂ ವ್ಯಾಕರಣವೇ. ‘ಕಬ್ಬಿನ / ಗದ್ದೆಗೆ ಬಂದ ಚಿರತೆ’ ಅಂತ ಮುರಿದು ಓದಿಸಿ, ಆಮೇಲೆ ‘ಕಬ್ಬಿನ ಗದ್ದೆಗೆ / ಬಂದ ಚಿರತೆ’ ಅಂತ ಓದಿಸಿ. ಉಸಿರು ಎಲ್ಲಿ ನಿಲ್ಲುತ್ತೋ ಅಲ್ಲಿ ಸಾಲು ಮುರಿಯಲಿ. ಉದ್ದದ ಪದ ಸಾಲಿನ ಕೊನೆಗೆ ಬಂದು ಒಡೆಯಲೇಬೇಕಾದರೆ ಸಂಧಿಯೋ ಸಮಾಸವೋ ಸೇರುವ ಜಾಗದಲ್ಲಿ ಒಡೆಯಲಿ, ಒತ್ತಕ್ಷರದ ನಡುವೆ ಬೇಡವೇ ಬೇಡ.

ಎರಡು ದನಿ, ಎರಡು ಅಕ್ಷರ

ಆಲೆಮನೆಯ ಯಜಮಾನರು ಆಡಿದ ಮಾತು: ‘ಆಲು ಕುದಿಯೋವಾಗ ಮಾತಾಡ್ಸ್‌ಬ್ಯಾಡ ಕಣವ್ವ, ಪಾಕ ಕೆಟ್ಟೋಯ್ತದೆ.’ ಹುಡುಗಿ ಬರೆದುಕೊಂಡು ಬಂದದ್ದು: ‘ಹಾಲು ಕುದಿಯುವ ಸಮಯದಲ್ಲಿ ಮಾತನಾಡಿಸಬಾರದು ಎಂದು ಅವರು ತಿಳಿಸಿದರು.’ ತಪ್ಪೇನಿಲ್ಲ, ಆದರೆ ಆ ಮನುಷ್ಯ ಅಲ್ಲಿಲ್ಲ. ಮತ್ತೆ ಎಲ್ಲವನ್ನೂ ಆಡುಮಾತಲ್ಲೇ ಬರೆದರೆ ಬರವಣಿಗೆಯ ಕನ್ನಡದ ಅಭ್ಯಾಸ ಆಗುವುದಿಲ್ಲ ಅನ್ನುವ ಹೆಡ್‌ಮಾಸ್ಟರ ಆಕ್ಷೇಪವೂ ಸರಿಯೇ.

ದಾರಿ ತೋರಿಸಿದ್ದು ಪುಟದ ವಿನ್ಯಾಸ. ಮಕ್ಕಳ ನಿರೂಪಣೆ ಬರವಣಿಗೆಯ ಕನ್ನಡದಲ್ಲಿ, ಸಾಮಾನ್ಯ ಅಕ್ಷರದಲ್ಲಿ. ಊರಿನವರ ಮಾತು ಅವರು ಆಡಿದ ಹಾಗೇ, ಎರಡು ಪಾಯಿಂಟ್ ದೊಡ್ಡ ದಪ್ಪಕ್ಷರದಲ್ಲಿ, ಬೇರೆ ಚೌಕದಲ್ಲಿ. ಹೀಗೆ ಮಾಡಿದ ಮೇಲೆ ಮಕ್ಕಳಿಗೆ ಎರಡೂ ಕನ್ನಡ ಬೇರೆಬೇರೆಯಾಗಿ ಕಂಡವು. ‘ಸಾ, ಇದು ಚೌಕದೊಳಗಿನ ಮಾತು, ಹೊರಗೆ ಬಂದ್ಬಿಟ್ಟದೆ’ ಅಂತ ಒಬ್ಬರದ್ದೊಬ್ಬರು ಹಿಡಿಯಲು ಶುರು ಮಾಡಿದರು. ಆಡುಮಾತನ್ನು ಬರೆಯುವುದು ಸುಲಭ ಅಂದುಕೊಳ್ಳಬೇಡಿ. ಕಿವಿಗೆ ಬಿದ್ದದ್ದನ್ನು ಕಾಗುಣಿತಕ್ಕೆ ಇಳಿಸಲು ಫೋನಿನಲ್ಲಿ ಧ್ವನಿಮುದ್ರಣ ಮಾಡಿಕೊಂಡು ಹತ್ತು ಸಲ ಕೇಳಬೇಕಾಗುತ್ತೆ. ಚೌಕದ ಮಾತನ್ನು ಅಚ್ಚಿಗೆ ಮುಂಚೆ ಆಡಿದವರಿಗೆ ಓದಿ ಹೇಳಿ ಒಪ್ಪಿಗೆ ಪಡೆಯಿರಿ.

ಚಿತ್ರದ ಕೆಳಗಿನ ಸಾಲು

ಮಕ್ಕಳು ಬರೆಯುವ ಮೊದಲ ಅಡಿಬರಹ ಯಾವತ್ತೂ ‘ಇದು ಗಾಣದ ಚಿತ್ರ’. ಚಿತ್ರವೇ ಹೇಳಿದ್ದನ್ನು ಮತ್ತೆ ಹೇಳಬಾರದು ಅಂತ ಕಲಿಸಲು ನಾನು ನಮ್ಮ ಜಿಲ್ಲೆಯದೇ ಒಂದು ಕಲ್ಲಿನ ಕಥೆ ಹೇಳ್ತೀನಿ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಶಾಸನ, ಕ್ರಿ.ಶ. 949–50ರ ಕಾಲದ್ದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಲ್ಲಿನಲ್ಲಿ ನಾಯಿಯೊಂದು ಹಂದಿಯ ಮೇಲೆ ಬಿದ್ದಿರುವ ಕೆತ್ತನೆ, ಅದರ ಜೊತೆಗೇ ಅಕ್ಷರ. ಕಾದಾಟ ಚಿತ್ರದಲ್ಲೇ ಕಾಣುತ್ತೆ. ನಾಯಿಯ ಹೆಸರು ಕಾಳಿ, ಮಣಲೇರ ಅನ್ನುವ ವೀರ ಅದನ್ನು ರಾಷ್ಟ್ರಕೂಟರ ದೊರೆ ಮುಮ್ಮಡಿ ಕೃಷ್ಣನಿಂದ ಬೇಡಿ ಪಡೆದಿದ್ದ, ಕಾದಾಟದಲ್ಲಿ ನಾಯಿ ಹಂದಿ ಎರಡೂ ಸತ್ತವು ಅನ್ನುವುದು ಚಿತ್ರದಿಂದ ತಿಳಿಯುವುದಿಲ್ಲ. ಅದನ್ನು ಅಕ್ಷರ ಹೇಳುತ್ತೆ. ಶಾಸನದ ಫೋಟೊ ತೋರಿಸಿ ‘ಅಕ್ಷರ ಅಳಿಸಿದರೆ ಏನು ಹೋಗುತ್ತೆ, ಚಿತ್ರ ಅಳಿಸಿದರೆ ಏನು ಹೋಗುತ್ತೆ’ ಅಂತ ಕೇಳಿ. ಆಮೇಲೆ ತಮ್ಮ ಅಡಿಬರಹ ತಿದ್ದಲಿ. ಗಾಣದ ಚಿತ್ರದ ಕೆಳಗೆ ಕಡೆಗೆ ಬಂದ ಸಾಲು: ‘ಮೊದಲು ಎತ್ತು ತಿರುಗಿಸುತ್ತಿತ್ತು. ಈಗ ಕರೆಂಟು ಹೋದರೆ ಎಲ್ಲರೂ ಬೀಡಿ ಹಚ್ಚುತ್ತಾರೆ.’ ಬೀಡಿ ಇರಬೇಕೋ ಬೇಡವೋ ಅಂತ ಸ್ಟಾಫ್ ರೂಮಿನಲ್ಲಿ ಚರ್ಚೆಯಾಯಿತು. ಇರಲಿ ಅಂತಾಯಿತು.

ಫಾಂಟು, ಸಾಲಂತರ, ಕಂಪ್ಯೂಟರು

ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗಿಳಿಯುತ್ತೆ, ಗುಡಿಸು ಮೇಲೇರುತ್ತೆ. ಸಾಲಂತರ ಕಡಿಮೆಯಾದರೆ ‘ಸ್ತ್ರೀ’ಯ ಒತ್ತು ಕೆಳಗಿನ ಸಾಲಿನ ‘ಕಿ’ಗೆ ತಾಗುತ್ತೆ. ಅಕ್ಷರದ ಅಳತೆಯ ಒಂದೂವರೆಯಷ್ಟು ಸಾಲಂತರ ಕೊಟ್ಟರೆ ನಿಶ್ಚಿಂತೆ. ಇಂಗ್ಲಿಷಿನ ದೊಡ್ಡಕ್ಷರ-ಚಿಕ್ಕಕ್ಷರದ ಸೌಕರ್ಯ ನಮಗಿಲ್ಲ, ಹಾಗಾಗಿ ಒಂದು ಪದ ಎದ್ದು ಕಾಣುವ ಹಾಗೆ ಮಾಡಲು ಅಳತೆ ಅಥವಾ ದಪ್ಪ, ಎರಡೇ ದಾರಿ. ಓರೆಯಾಗಿ ವಾಲಿಸಿದ ಕನ್ನಡ ಗಾಳಿಗೆ ಬಿದ್ದ ಪೈರಿನ ಹಾಗೆ ಕಾಣುತ್ತೆ, ಬೇಡ. ಎರಡೂ ಅಂಚಿಗೆ ಸಮ ಮಾಡಿಸಿದರೆ ನಮ್ಮ ಉದ್ದುದ್ದ ಪದಗಳ ನಡುವೆ ಹಳ್ಳ ಬೀಳುತ್ತೆ. ಎಡಕ್ಕೆ ಮಾತ್ರ ಸಾಲು ಹಿಡಿಸಿ. ಮೊದಲಕ್ಷರವನ್ನು ದೊಡ್ಡದು ಮಾಡುವ ಆಸೆಯಿದ್ದರೆ ಗುಣಿತ, ಒತ್ತು ಎಲ್ಲ ಸೇರಿದ ಪೂರ್ತಿ ಅಕ್ಷರ ದೊಡ್ಡದಾಗಲಿ, ‘ಕೊಪ್ಪರಿಗೆ’ಯ ‘ಕೊ’ ಪೂರ್ತಿ.

ಪುಸ್ತಿಕೆಗೆ ಎರಡು ಫಾಂಟು ಸಾಕು. ನೋಟೊ ಸೆರಿಫ್ ಕನ್ನಡ, ಟಿರೊ ಕನ್ನಡ ಓದಿಗೆ ಹಿತ. ಶೀರ್ಷಿಕೆಗೆ ಬಾಲೂ ತಮ್ಮ, ಅನೇಕ್ ಕನ್ನಡ. ಎಲ್ಲ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ), ಎಲ್ಲ ಪುಕ್ಕಟೆ. ಪುಟ ಕಟ್ಟಲು ಲಿಬ್ರೆ ಆಫೀಸ್ ರೈಟರ್ ಧಾರಾಳ ಸಾಕು. ಸ್ಕ್ರೈಬಸ್ ಬಳಸುವುದಿದ್ದರೆ 1.6 ಅಥವಾ ಅದರಿಂದೀಚಿನದ್ದನ್ನೇ ಹಾಕಿಸಿ, ಹಳೇ 1.4ರಲ್ಲಿ ಒತ್ತಕ್ಷರ ಒಡೆದುಹೋಗುತ್ತೆ. ಕಂಪ್ಯೂಟರೇ ಇಲ್ಲದ ಶಾಲೆಯವರು ಕಪ್ಪು ಪೆನ್ನಿನಲ್ಲಿ ಬರೆದು, ಕತ್ತರಿಸಿ, ಅಂಟಿಸಿ, ಜೆರಾಕ್ಸ್ ಮಾಡಿಸಬಹುದು. ನಮ್ಮ ಎಲ್ಲ ಸಂಚಿಕೆಗಳಲ್ಲಿ ನನಗೆ ಅಚ್ಚುಮೆಚ್ಚಿನದು ಅಂಥದ್ದೇ ಒಂದು.

ಒಂದು ಪೆಟ್ಟಿನ ಕಥೆ ಹೇಳಿಬಿಡ್ತೀನಿ. ಒಂದು ಸಲ ಅರ್ಧ ಬರಹ ಡಿಟಿಪಿ ಅಂಗಡಿಯೊಂದರಲ್ಲಿ ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನಲ್ಲಿ ಟೈಪಾಗಿತ್ತು. ಅದನ್ನು ಯೂನಿಕೋಡಿಗೆ ಬದಲಾಯಿಸಿ ಸೇರಿಸಿದೆವು. ಬದಲಾಯಿಸಿದ ಮೇಲೆ ಓದಿ ನೋಡಲಿಲ್ಲ. ಅರ್ಕಾವತ್ತುಗಳೆಲ್ಲ ಜಾಗ ತಪ್ಪಿದ್ದವು. ನೂರು ಪ್ರತಿಯಲ್ಲೂ ‘ಸೂರ್ಯ’ ‘ಸೂಯರ್’ ಆಗಿತ್ತು, ‘ಕಾರ್ಯಕ್ರಮ’ ‘ಕಾಯರ್ಕ್ರಮ’. ಆ ವರ್ಷವಿಡೀ ಮಕ್ಕಳು ಶಾಲೆಯ ಯಾವ ಸಮಾರಂಭವನ್ನೂ ‘ಕಾಯರ್ಕ್ರಮ’ ಅಂತಲೇ ಕರೆದರು. ಫಾಂಟು ಬದಲಾಯಿಸಿದ ಬರಹವನ್ನು ಹೊಸದಾಗಿ ಟೈಪಾದ ಬರಹ ಅಂತಲೇ ತಿಳಿದು ಮೊದಲಿಂದ ತಿದ್ದಬೇಕು.

ಕರಡು

ಮೂರು ಸುತ್ತು. ಮೊದಲ ಸುತ್ತಿನಲ್ಲಿ ಒಬ್ಬರು ಜೋರಾಗಿ ಓದಬೇಕು, ಇನ್ನೊಬ್ಬರು ಮೂಲ ಪ್ರತಿ ಹಿಡಿದು ಕೂರಬೇಕು. ಎರಡನೆಯದರಲ್ಲಿ ಬೇರೆ ತಂಡದವರು ಕೊನೆಯ ಸಾಲಿನಿಂದ ಮೇಲಕ್ಕೆ ಓದಬೇಕು. ಅರ್ಥದ ಓಟ ತಪ್ಪಿದಾಗ ಕಾಗುಣಿತ ಕಣ್ಣಿಗೆ ಬೀಳುತ್ತೆ. ಅಲ್ಪಪ್ರಾಣ-ಮಹಾಪ್ರಾಣ, ಶ-ಷ-ಸ, ನ-ಣ, ಲ-ಳ, ಇವಕ್ಕೆ ಒಬ್ಬೊಬ್ಬ ಕಾವಲುಗಾರ. ಮೂರನೆಯದರಲ್ಲಿ ಬರೀ ಹೆಸರು, ಅಂಕಿ, ಶೀರ್ಷಿಕೆ, ಅಡಿಬರಹ. ದೊಡ್ಡ ಅಕ್ಷರದ ತಪ್ಪುಗಳು ಈ ಸುತ್ತಿಲ್ಲದೆ ಸಿಗುವುದೇ ಇಲ್ಲ.

ಅಚ್ಚು, ಹೊಲಿಗೆ

ಫೋಟೊಗಳನ್ನು ವಾಟ್ಸ್ಆ್ಯಪ್‌ನಲ್ಲಿ ಹಾಗೇ ಕಳಿಸಿದರೆ ಕುಗ್ಗಿಹೋಗುತ್ತವೆ, ಡಾಕ್ಯುಮೆಂಟ್ ಆಗಿ ಕಳಿಸಲಿ. ಪ್ರೆಸ್ಸಿಗೋ ಜೆರಾಕ್ಸಿಗೋ ಪಿಡಿಎಫ್ ಮಾತ್ರ ಕೊಡಿ. ಮುದ್ರಣದ ಆಯ್ಕೆಗಳಲ್ಲಿ ಬ್ರೋಷರ್ ಅಥವಾ ಬುಕ್‌ಲೆಟ್ ಅಂತ ಒತ್ತಿದರೆ ಪುಟಗಳನ್ನು ಜೋಡಿಸುವ ಲೆಕ್ಕ ಅದೇ ಮಾಡಿಕೊಳ್ಳುತ್ತೆ. ಎರಡು ಬದಿಯ ಮುದ್ರಣ ಗಿಡ್ಡ ಅಂಚಿಗೆ ಮಗುಚುವ ಹಾಗಿರಲಿ, ಇಲ್ಲದಿದ್ದರೆ ಹಿಂಬದಿ ತಲೆಕೆಳಗಾಗುತ್ತೆ. ಮೊದಲು ಒಂದೇ ಪ್ರತಿ ತೆಗೆಸಿ, ಮಡಚಿ, ಡಮ್ಮಿಯ ಪಕ್ಕ ಇಟ್ಟು ನೋಡಿ. ನೂರು ಪ್ರತಿಗೆ 400 ಹಾಳೆ. 500ರ ಒಂದು ರೀಮಿನಲ್ಲಿ ಕೆಟ್ಟದ್ದಕ್ಕೂ ಮಿಗುತ್ತೆ.

ಮಾಮೂಲಿ ಸ್ಟೇಪ್ಲರ್ ನಡುವಿನವರೆಗೆ ಎಟುಕುವುದಿಲ್ಲ. ದಬ್ಬಣದಿಂದ ಮಡಿಕೆಯ ಮೇಲೆ ಮೂರು ತೂತು ಮಾಡಿ. ಗಟ್ಟಿ ದಾರವನ್ನು ನಡುತೂತಿನಲ್ಲಿ ಒಳಗಿನಿಂದ ಹೊರಕ್ಕೆ ತನ್ನಿ, ಮೇಲಿನ ತೂತಿನಿಂದ ಒಳಕ್ಕೆ, ಒಳಗೇ ಉದ್ದಕ್ಕೆಳೆದು ಕೆಳಗಿನ ತೂತಿನಿಂದ ಹೊರಕ್ಕೆ, ಮತ್ತೆ ನಡುತೂತಿನಿಂದ ಒಳಕ್ಕೆ. ಉದ್ದ ದಾರದ ಆಚೆಗೊಂದು ಈಚೆಗೊಂದು ತುದಿ ಇಟ್ಟು ಗಂಟು ಹಾಕಿ. ಒಂದು ಮಧ್ಯಾಹ್ನ ಹತ್ತು ಮಕ್ಕಳು ಕೂತರೆ ನೂರು ಪ್ರತಿ ಮುಗಿಯುತ್ತೆ. ಮಕ್ಕಳ ಫೋಟೊ ಹಾಕುವುದಿದ್ದರೆ ತಂದೆತಾಯಿಯ ಒಪ್ಪಿಗೆ ಬರಹದಲ್ಲಿರಲಿ.

ಮೊದಲ ಪ್ರತಿ ಮಾತು ಕೊಟ್ಟವರಿಗೆ. ಆಲೆಮನೆಯ ಯಜಮಾನರಿಗೆ ಅಷ್ಟಾಗಿ ಓದು ಬರುವುದಿಲ್ಲ. ಪುಸ್ತಿಕೆ ತೆಗೆದು ಚಿತ್ರವನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಬೆರಳಿಟ್ಟು ‘ಇಲ್ಲಿ ಒಲೆ ಬಾಯಿ ಈ ಕಡೀಕಲ್ಲ ಬರೋದು, ಆ ಕಡೀಕೆ’ ಅಂದರು. ಅಚ್ಚಾದ ಮೇಲೆ ಸಿಕ್ಕ ತಪ್ಪಿಗೆ ಹಳೇ ಪುಸ್ತಕಗಳಲ್ಲಿ ಒಪ್ಪೋಲೆ, ಅಂದರೆ ತಿದ್ದುಪಡಿಯ ಚೀಟಿ, ಅಂಟಿಸ್ತಿದ್ದರು. ಹುಡುಗಿ ಎರಡು ಬೆರಳಗಲದ ಚೀಟಿಯಲ್ಲಿ ಒಲೆಯ ಬಾಯಿಯನ್ನು ಆ ಕಡೆಗೆ ತಿರುಗಿಸಿ ಬರೆದಳು. ಜೆರಾಕ್ಸ್ ಅಂಗಡಿಯಲ್ಲಿ ಒಂದು ಹಾಳೆಗೆ ಇಪ್ಪತ್ತು ಚೀಟಿ ಕೂತವು. ಐದು ಹಾಳೆ, ಒಂದು ಕತ್ತರಿ, ಒಂದು ಡಬ್ಬಿ ಗೋಂದು, ಸೋಮವಾರದ ಕಡೇ ಪೀರಿಯಡ್.